ನಗರದಲ್ಲಿ ಮನೆ, ನೂರು ಕಿಲೋಮೀಟರ್ ಆಚೆ ಹೊಲ: ಮಣ್ಣು, ನೀರು, ಬೆಂಕಿಯ ಕಾವಲು ಹೇಗೆ?

ಎಳ್ಳಮಾವಾಸ್ಯೆಯ ದಿನ ಹೈದರಾಬಾದಿನಿಂದ ಬೀದರ್, ಕಲಬುರಗಿ ಕಡೆಗೆ ಹೊರಟ ಕಾರುಗಳಲ್ಲಿ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ತುಂಬಿದ ಡಬ್ಬಿಗಳಿರುತ್ತವೆ. ಹೊಲದಲ್ಲಿ ಚರಗ ಚೆಲ್ಲಿ, ಮರದಡಿ ಕೂತು ಉಂಡು, ಕತ್ತಲಾಗುವ ಹೊತ್ತಿಗೆ ನಗರಕ್ಕೆ ವಾಪಸು. ಆಮೇಲೆ ಹೊಲ ನೆನಪಾಗುವುದು ಮಾರ್ಚ್‌ನಲ್ಲಿ ಫೋನ್ ಬಂದಾಗ. "ಅಣ್ಣಾರ, ಬಾಜೂ ಹೊಲದಾಗ ಕಸಕ್ಕ ಬೆಂಕಿ ಹಚ್ಚಿದ್ರು, ನಮ್ಮ ಮಾವಿನ ಗಿಡಕ್ಕ ತಗಲ್ಯಾದ."

ನಮ್ಮ ಮನೆಗೂ ಒಮ್ಮೆ ಇಂಥ ಫೋನ್ ಬಂದಿತ್ತು. ಹೋಗಿ ನೋಡಿದರೆ ಮೂರು ವರ್ಷದ ಸಸಿಗಳ ಎಲೆಗಳೆಲ್ಲ ತಾಮ್ರದ ಬಣ್ಣಕ್ಕೆ ತಿರುಗಿದ್ದವು. ಡ್ರಿಪ್ ಪೈಪು ಕರಗಿ ನೆಲಕ್ಕೆ ಅಂಟಿಕೊಂಡಿತ್ತು. ಅಷ್ಟಕ್ಕೇ ಮುಗಿಯಲಿಲ್ಲ. ಬೋಳಾದ ಆ ನೆಲದ ಮೇಲೆ ಜೂನ್‌ನ ಮೊದಲ ದೊಡ್ಡ ಮಳೆ ಸುರಿದು, ಕೆಳಗಿನ ಒಡ್ಡನ್ನು ಒಡೆದು, ಮೇಲ್ಮಣ್ಣನ್ನೂ ಬೂದಿಯನ್ನೂ ಹೊತ್ತುಕೊಂಡು ಹಳ್ಳ ಸೇರಿತು. ಮಣ್ಣು, ನೀರು, ಬೆಂಕಿ ಒಂದೇ ಕೆಲಸದ ಮೂರು ತುದಿಗಳು ಎಂಬುದು ನಮಗೆ ತಿಳಿದದ್ದು ಹೀಗೆ.

ಚೇವೆಳ್ಳ, ಶಂಕರಪಲ್ಲಿ, ವಿಕಾರಾಬಾದ್, ಜಹೀರಾಬಾದ್ ಕಡೆ ಎರಡು ಮೂರು ಎಕರೆ ಕೊಂಡವರಿಗೂ, ಭಾಲ್ಕಿ, ಚಿಂಚೋಳಿ, ಸೇಡಂ ಕಡೆ ಹಿರಿಯರ ಹೊಲ ಉಳಿಸಿಕೊಂಡವರಿಗೂ ತೊಂದರೆ ಒಂದೇ: ವಾರಕ್ಕೋ ತಿಂಗಳಿಗೋ ಒಮ್ಮೆ ಮಾತ್ರ ಹೋಗಲು ಸಾಧ್ಯ. ಅಷ್ಟರಲ್ಲೇ ಏನು ಮಾಡಬಹುದು ಎಂಬುದಕ್ಕೆ ಈ ಲೇಖನ.

ಮೊದಲು, ಏಕೆ?

ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4,000 ಲೀಟರ್ ನೀರು. ನಮ್ಮ ಕಡೆ ಒಂದು ಸಂಜೆಗೆ 50 ಮಿಲಿಮೀಟರ್ ಸುರಿಯುವುದು ಅಪರೂಪವೇನಲ್ಲ. ಹಾಗೆ ಸುರಿದರೆ ಎಕರೆಗೆ ಎರಡು ಲಕ್ಷ ಲೀಟರ್. ಹೈದರಾಬಾದಿನ ಬೇಸಿಗೆಯಲ್ಲಿ ನಾವು ಕೊಳ್ಳುವ 5,000 ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ ನಲವತ್ತು ಟ್ಯಾಂಕರ್. ಅದು ನೆಲಕ್ಕೆ ಇಳಿಯುವುದೋ ಮಣ್ಣನ್ನು ಕಿತ್ತುಕೊಂಡು ಓಡುವುದೋ ಎಂಬುದನ್ನು ತೀರ್ಮಾನಿಸುವುದು ನೆಲದ ಮೇಲಿನ ಹೊದಿಕೆ. ಬರಿ ನೆಲಕ್ಕೆ ಹನಿ ಬಡಿದಾಗ ಮಣ್ಣಿನ ಸಣ್ಣ ಕಣಗಳು ಚದುರಿ ರಂಧ್ರಗಳನ್ನು ಮುಚ್ಚುತ್ತವೆ, ಮೇಲೆ ಹೆಪ್ಪು ಕಟ್ಟುತ್ತದೆ, ನೀರು ಜಾರುತ್ತದೆ. ಕೂಳೆ, ಎಲೆ, ಹುಲ್ಲು ಮುಚ್ಚಿದ್ದರೆ ಹನಿಯ ಪೆಟ್ಟು ಅದರ ಮೇಲೆ ಬೀಳುತ್ತದೆ.

ಅದೇ ಕೂಳೆ, ಅದೇ ಎಲೆ, ಅದೇ ಹುಲ್ಲು ಮಾರ್ಚ್‌ನಿಂದ ಮೇ ತನಕ ಬೆಂಕಿಯ ಆಹಾರ. ಹೆದರಿ ಎಲ್ಲವನ್ನೂ ಸುಟ್ಟು "ಹೊಲ ಸ್ವಚ್ಛ" ಮಾಡಿದರೆ ಜೂನ್‌ನಲ್ಲಿ ಮಣ್ಣು ಹೋಗುತ್ತದೆ. ಎಲ್ಲವನ್ನೂ ಹಾಗೇ ಬಿಟ್ಟರೆ ಒಂದು ಬೀಡಿ ತುಂಡು ಸಾಕು. ಆದ್ದರಿಂದ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಒಣ ಕಸ ಎಲ್ಲಿ ಇರಬೇಕು, ಎಲ್ಲಿ ಇರಬಾರದು? ಮುಂದಿನದೆಲ್ಲ ಇದರ ಉತ್ತರ.

ನೀರನ್ನು ಬಿದ್ದಲ್ಲೇ ತಡೆಯುವ ಮಾತು ಹೈದರಾಬಾದಿಗೆ ಹೊಸದಲ್ಲ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ನಗರವನ್ನು ಕೊಚ್ಚಿದ ಮೇಲೆ ನಿಜಾಮರು ಕರೆಸಿದ್ದು ನಮ್ಮ ಎಂ. ವಿಶ್ವೇಶ್ವರಯ್ಯನವರನ್ನು. ನಗರದ ಮೇಲ್ಭಾಗದಲ್ಲೇ ನೀರು ತಡೆಯಬೇಕೆಂದು ಅವರು ಸೂಚಿಸಿದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಅವರು ನದಿಗೆ ಹೇಳಿದ್ದನ್ನು ನಾವು ಹೊಲಕ್ಕೆ ಮಾಡಬೇಕು.

ನಿಮ್ಮ ಮಣ್ಣು ಯಾವುದು?

ನೆರೆಯವರು ಮಾಡಿದ್ದನ್ನೇ ಮಾಡುವ ಮೊದಲು ಇದನ್ನು ತಿಳಿಯಿರಿ. ಹೈದರಾಬಾದಿನ ಸುತ್ತ ಹೆಚ್ಚಾಗಿ ಕಗ್ಗಲ್ಲಿನ ಮೇಲಿನ ಕೆಂಪು ಮಣ್ಣು, ನಮ್ಮ ಕಡೆಯವರು ಮಸಾರಿ ಎನ್ನುವುದು. ನೀರು ಬೇಗ ಕುಡಿಯುತ್ತದೆ, ಬೇಗ ಆರುತ್ತದೆ. ತಾಂಡೂರು, ಸೇಡಂ, ಚಿಂಚೋಳಿ ಕಡೆ ಎರೆ ಹೊಲಗಳು ಹೆಚ್ಚು. ಬೇಸಿಗೆಯಲ್ಲಿ ಬಿರಿಯುತ್ತವೆ, ಮಳೆಗಾಲದಲ್ಲಿ ಉಬ್ಬಿ ನೀರನ್ನು ಮೇಲೆಯೇ ನಿಲ್ಲಿಸುತ್ತವೆ. ಜಹೀರಾಬಾದ್ ದಾಟಿ ಬೀದರಿನ ದಿನ್ನೆಗೆ ಬಂದರೆ ಕೆಂಪು ಜಂಬಿಟ್ಟಿಗೆ ಕಲ್ಲು, ಅದರ ಕೆಳಗೆ ಕರಿಗಲ್ಲು. ಜಂಬಿಟ್ಟಿಗೆ ನೀರು ಇಳಿಸಿಕೊಂಡು ಹಿಡಿದಿಡುತ್ತದೆ. ಬಹಮನಿಗಳ ಕಾಲದ ಬೀದರಿನ ಕರೇಜ್ ಸುರಂಗ ಬಾವಿಗಳು ಆ ಗುಣವನ್ನೇ ನಂಬಿ ತೋಡಿದವು.

ಮಣ್ಣು ಪರೀಕ್ಷೆಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಜಹೀರಾಬಾದಿನಲ್ಲಿ ಒಂದಿದೆ, ಬೀದರಿಗೆ ಜನವಾಡದಲ್ಲಿದೆ. ಮಾದರಿಯನ್ನು ಬೆಳೆ ತೆಗೆದ ಮೇಲೆ, ಗೊಬ್ಬರ ಹಾಕುವ ಮೊದಲು, ಹೊಲದ ಎಂಟು ಹತ್ತು ಕಡೆಯಿಂದ ತೆಗೆದು ಬೆರೆಸಬೇಕು. ತಿಪ್ಪೆಯ ಪಕ್ಕ, ಮರದ ಬುಡ, ಒಡ್ಡಿನ ಮೇಲಿನ ಮಣ್ಣು ಬೇಡ.

ನೆಲ ಮತ್ತು ನೀರು: ಮೃಗಶಿರಾ ಮಳೆಗೆ ಮೊದಲು

1. ಮೊದಲ ದೊಡ್ಡ ಮಳೆಯಲ್ಲಿ ಹೊಲದಲ್ಲಿರಿ. ಸಾಧ್ಯವಾದರೆ ಈ ಒಂದು ದಿನ ರಜೆ ಹಾಕಿ. ಕೊಡೆ ಹಿಡಿದು ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ಸೇರುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ನೋಡಿ, ಗೂಟ ನೆಡಿ. ಈ ಗೂಟಗಳು ಹೇಳುವಷ್ಟನ್ನು ಯಾವ ನಕಾಶೆಯೂ ಹೇಳುವುದಿಲ್ಲ.

2. ಮಟ್ಟ ಕಣ್ಣಿನಿಂದ ಅಳೆಯಬೇಡಿ. ಗೌಂಡಿಗಳು ಬಳಸುವ ಪಾರದರ್ಶಕ ನೀರಿನ ಪೈಪು ಸಾಕು. ಎರಡು ತುದಿಯಲ್ಲೂ ನೀರು ಒಂದೇ ಎತ್ತರಕ್ಕೆ ನಿಂತ ಜಾಗಗಳನ್ನು ಸುಣ್ಣದಿಂದ ಗುರುತಿಸುತ್ತಾ ಹೋದರೆ ಸಮಪಾತಳಿಯ ಗೆರೆ ಸಿಗುತ್ತದೆ. ಅದು ಸೊಟ್ಟಗಿರುತ್ತದೆ. ಟ್ರ್ಯಾಕ್ಟರಿನವರು ನೇರ ಮಾಡೋಣ ಎನ್ನುತ್ತಾರೆ, ಒಪ್ಪಬೇಡಿ. ಉಳುಮೆ, ಬಿತ್ತನೆ, ಒಡ್ಡು ಮೂರೂ ಆ ಗೆರೆಗೆ ಹೊಂದಬೇಕು.

3. ಪ್ರತಿ ಒಡ್ಡಿಗೂ ಕೋಡಿ ಬೇಕು. ಒಡ್ಡು ಒಡೆಯುವುದು ನೀರು ಹೆಚ್ಚಾಗಿದ್ದಕ್ಕಷ್ಟೇ ಅಲ್ಲ, ಹೆಚ್ಚಾದ ನೀರಿಗೆ ದಾರಿ ಇಲ್ಲದ್ದಕ್ಕೆ. ಕೋಡಿಯಲ್ಲಿ ಕಲ್ಲು ಜೋಡಿಸಿ, ಒಡ್ಡಿನ ಮೇಲೆ ಲಾವಂಚ ಅಥವಾ ಗೊಬ್ಬರದ ಗಿಡ ನೆಡಿ. ಗೊಬ್ಬರದ ಗಿಡದ ಸೊಪ್ಪು ಹೊಲಕ್ಕೇ ಹೊದಿಕೆ.

4. ಎರೆ ಹೊಲದಲ್ಲಿ ಸೋಯಾ, ತೊಗರಿ ಬೆಳೆಯುವವರು ಅಗಲ ಮಡಿ ಮತ್ತು ಸಾಲು ಪದ್ಧತಿ ನೋಡಿ. 1972ರಲ್ಲಿ ಪಟಾನ್‌ಚೆರುವಿನಲ್ಲಿ ಶುರುವಾದ ಇಕ್ರಿಸ್ಯಾಟ್ ಸಂಸ್ಥೆ ಎರೆ ನೆಲಕ್ಕೆಂದೇ ರೂಪಿಸಿದ್ದು ಇದು. ಮಡಿ ಮತ್ತು ಸಾಲು ಸೇರಿ ಸುಮಾರು 150 ಸೆಂಟಿಮೀಟರ್. ಸಾಲಿಗೆ ನೂರು ಮೀಟರಿಗೆ 40ರಿಂದ 80 ಸೆಂಟಿಮೀಟರಿನಷ್ಟು ಹಗುರ ಇಳಿಜಾರು. ಹೆಚ್ಚಿನ ನೀರು ಮೆಲ್ಲಗೆ ಇಳಿದುಹೋಗುತ್ತದೆ, ಬೇರು ಕೊಳೆಯುವುದಿಲ್ಲ.

5. ಮಸಾರಿ ಹೊಲಕ್ಕೆ ಕೆರೆಯ ಹೂಳು ಒಳ್ಳೆಯದು. ಅದರ ಜೇಡಿ ನೀರು ಹಿಡಿದಿಡುತ್ತದೆ. ತೆಲಂಗಾಣದಲ್ಲಿ 2015ರಲ್ಲಿ ಶುರುವಾದ ಮಿಷನ್ ಕಾಕತೀಯ ಯೋಜನೆಯಲ್ಲಿ ಕೆರೆಗಳ ಹೂಳೆತ್ತಿದಾಗ ಎಷ್ಟೋ ರೈತರು ಅದನ್ನು ಹೊಲಕ್ಕೆ ಹಾಕಿಕೊಂಡರು. ಎರೆ ಹೊಲಕ್ಕೆ ಇದು ಬೇಡ, ಅಲ್ಲಿ ಜೇಡಿ ಮೊದಲೇ ಹೆಚ್ಚು. ಕಾರ್ಖಾನೆಯ ನೀರೋ ನಗರದ ಚರಂಡಿಯೋ ಸೇರುವ ಕೆರೆಯ ಹೂಳನ್ನು ಪರೀಕ್ಷೆ ಮಾಡಿಸದೆ ತರಬೇಡಿ.

6. ಬೋರಿಗೆ ನೀರು ಇಂಗಿಸುವುದು. ಕಗ್ಗಲ್ಲಿನ ನೆಲದಲ್ಲಿ ನೀರು ಇರುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ. ಹೆಚ್ಚು ಆಳಕ್ಕೆ ಹೋದರೆ ಹೆಚ್ಚು ನೀರು ಎಂಬ ನಂಬಿಕೆ ಇಲ್ಲಿ ದುಡ್ಡು ಹಾಳುಮಾಡಿದಷ್ಟು ಬೇರೆ ಯಾವುದೂ ಮಾಡಿಲ್ಲ. ಹೊಸ ಬೋರಿನ ಖರ್ಚಿನ ಒಂದು ಭಾಗವನ್ನು ಹಳೆಯದರ ಇಂಗುಗುಂಡಿಗೆ ಹಾಕಿ. ಬೋರಿನ ಸುತ್ತ ಸುಮಾರು ಹತ್ತಡಿ ಉದ್ದ, ಅಗಲ, ಆಳದ ಗುಂಡಿ, ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು. ಗುಂಡಿಯೊಳಗಿನ ಕೇಸಿಂಗ್ ಭಾಗಕ್ಕೆ ಸಣ್ಣ ತೂತು ಕೊರೆದು ಜಾಲರಿ ಸುತ್ತಬೇಕು. ನೀರು ಗುಂಡಿಗೆ ಬರುವ ಮೊದಲು ಹೂಳು ಕೂರಲು ಇನ್ನೊಂದು ಸಣ್ಣ ತೊಟ್ಟಿ ಇರಲೇಬೇಕು. ಕಳೆನಾಶಕ, ಕೀಟನಾಶಕ ಹೊಡೆದ ಹೊಲದ ನೀರನ್ನು, ದನದ ಕೊಟ್ಟಿಗೆಯ ನೀರನ್ನು ಇದಕ್ಕೆ ಬಿಡಬೇಡಿ. ಕುಡಿಯುವ ನೀರಿನ ಬೋರಾದರೆ ಗುಂಡಿಯನ್ನು ದೂರ ತೋಡಿ, ಕೇಸಿಂಗ್ ಮುಟ್ಟಬೇಡಿ.

ತೆಲಂಗಾಣದಲ್ಲಿ ಹೊಸ ಬೋರು ಕೊರೆಯಲು 2002ರ ನೀರು, ಭೂಮಿ ಮತ್ತು ಮರಗಳ ಕಾಯ್ದೆಯಡಿ ಅನುಮತಿ ಬೇಕು. ಜನ ಇದನ್ನು ವಾಲ್ಟಾ ಎನ್ನುತ್ತಾರೆ. ಮರ ಕಡಿಯುವುದಕ್ಕೂ ಅದರಲ್ಲಿ ನಿಯಮವಿದೆ. ಕೊರೆಯುವ ಲಾರಿ ಬರುವ ಮೊದಲೇ ತಹಶೀಲ್ದಾರ ಕಚೇರಿಯಲ್ಲಿ ವಿಚಾರಿಸಿ.

7. ಕೃಷಿ ಹೊಂಡ. ಮೇ ತಿಂಗಳ ಬಿಸಿಲಿಗೆ ತೆರೆದ ನೀರು ದಿನಕ್ಕೆ 8ರಿಂದ 10 ಮಿಲಿಮೀಟರ್ ಆವಿಯಾಗುತ್ತದೆ. ಹಾಗಾಗಿ ಅಗಲ ಕಡಿಮೆ, ಆಳ ಹೆಚ್ಚು ಇರುವ ಹೊಂಡ ಮೇಲು. ಅದನ್ನು ಮಳೆಗಾಲದ ನಡುವೆ ಬರುವ ಎರಡು ಮೂರು ವಾರದ ಒಣ ಅವಧಿಗೆ ಬಳಸಿ. ಬೇಸಿಗೆ ತನಕ ಉಳಿಸುತ್ತೇನೆಂದು ಕಾದರೆ ಹೆಚ್ಚಿನದು ಗಾಳಿಗೇ ಹೋಗುತ್ತದೆ.

ಎಚ್ಚರಿಕೆ: ಹೊಂಡ ಮತ್ತು ಬತ್ತಿದ ಬೋರು. ಪ್ಲಾಸ್ಟಿಕ್ ಹಾಸಿದ ಹೊಂಡದ ಬದಿ ನೀರು ತಾಗಿದರೆ ಜಾರುತ್ತದೆ. ಈಜು ಬಲ್ಲವರೂ ಹತ್ತಲಾರರು. ಬೇಲಿ ಹಾಕಿ. ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಡಿ, ಹಳೆಯ ಟ್ಯೂಬು ಕಟ್ಟಿಡಿ. ಬತ್ತಿದ ಬೋರನ್ನು ತಳದಿಂದ ಮೇಲಿನ ತನಕ ಮಣ್ಣು, ಕಲ್ಲು ತುಂಬಿ ಮುಚ್ಚಿ. ಚಾಲ್ತಿಯ ಬೋರಿನ ಸುತ್ತ ಕಾಂಕ್ರೀಟ್ ಕಟ್ಟೆ, ಬಾಯಿಗೆ ಗಟ್ಟಿ ಮುಚ್ಚಳ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ವರ್ಷಕ್ಕೊಮ್ಮೆ ಹೋಗುವ ಮೊಮ್ಮಕ್ಕಳಿಗೆ ಹೊಲದ ಯಾವ ಜಾಗ ಅಪಾಯ ಎಂದು ಗೊತ್ತಿರುವುದಿಲ್ಲ. ಈ ಕೆಲಸವನ್ನು ನಾಳೆಗೆ ಬಿಡಬೇಡಿ.

ಬೆಂಕಿ: ಸಂಕ್ರಾಂತಿ ಮುಗಿದ ಕೂಡಲೇ

ನಮ್ಮ ಕಡೆ ಹೊಲದ ಬೆಂಕಿ ಎಲ್ಲಿಂದ ಬರುತ್ತದೆ? ಪಕ್ಕದವರು ಸುಡುವ ಕೂಳೆ, ಕಬ್ಬಿನ ರವದಿ. ರಸ್ತೆಯಿಂದ ಬಿಸಾಡಿದ ಬೀಡಿ, ಸಿಗರೇಟು. ಜೋತುಬಿದ್ದ ವಿದ್ಯುತ್ ತಂತಿಗಳು ಗಾಳಿಗೆ ತಾಗಿ ಉದುರುವ ಕಿಡಿ. ಜೇನು ಬಿಡಿಸಲು ಹಾಕಿದ ಹೊಗೆ. ಅನಂತಗಿರಿಯಂಥ ಕಾಡಿನ ಅಂಚಿನಲ್ಲಿ, ಬೀಡಿ ಎಲೆ ಚಿಗುರಲಿ, ಹೊಸ ಹುಲ್ಲು ಬರಲಿ ಎಂದು ಹಚ್ಚುವ ಬೆಂಕಿ. ತಾನಾಗಿ ಹುಟ್ಟುವುದು ತೀರಾ ಕಡಿಮೆ. ಹಸಿಯಾಗಿ ಒಟ್ಟಿದ ಮೇವಿನ ಬಣವೆ ಒಳಗೇ ಕಾವೇರಿ ಹೊತ್ತಿಕೊಳ್ಳುವುದುಂಟು. ಪೂರ್ತಿ ಒಣಗಿಸಿಯೇ ಒಟ್ಟಿ.

ಬೆಂಕಿಯ ಗುಣ ತಿಳಿದರೆ ಕೆಲಸ ಸುಲಭ. ಅದು ಗಾಳಿಯ ಜೊತೆ ಹೋಗುತ್ತದೆ. ಇಳಿಜಾರಿನಲ್ಲಿ ಮೇಲಕ್ಕೆ ಓಡುತ್ತದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಾದರೆ ವೇಗ ಸುಮಾರು ಇಮ್ಮಡಿ. ಎಲ್ಲಕ್ಕಿಂತ ಮುಖ್ಯವಾಗಿ, ಒಣ ವಸ್ತು ಒಂದಕ್ಕೊಂದು ತಾಗಿಕೊಂಡಿದ್ದರೆ ಮಾತ್ರ ಮುಂದೆ ಸಾಗುತ್ತದೆ. ಎಲ್ಲ ಕಸ ತೆಗೆಯಬೇಕಿಲ್ಲ. ನಡುನಡುವೆ ತುಂಡರಿಸಿದರೆ ಸಾಕು.

1. ಬೆಂಕಿ ರೇಖೆ. ಹೊಲದ ಸುತ್ತ ಕನಿಷ್ಠ ಹತ್ತಡಿ ಅಗಲ ಹುಲ್ಲು ಕೆತ್ತಿ ಬರಿ ನೆಲ ಮಾಡಿ. ಕಾಡು, ರಸ್ತೆ, ಎತ್ತರದ ಒಣ ಹುಲ್ಲು ಇರುವ ಕಡೆ ಹದಿನೈದು ಇಪ್ಪತ್ತು ಅಡಿ. ಜನವರಿ ಕೊನೆಗೆ ಒಮ್ಮೆ, ಮಾರ್ಚ್ ಮೊದಲ ವಾರ ಉದುರಿದ ಎಲೆ ಗುಡಿಸಲು ಇನ್ನೊಮ್ಮೆ. ಸಮನೆಲದಲ್ಲಿ ಕುಂಟೆ ಹೊಡೆದರೆ ಸಾಕು. ಇಳಿಜಾರಿನ ಉದ್ದಕ್ಕೆ ಮೇಲಿಂದ ಕೆಳಗೆ ಹೋಗುವ ರೇಖೆಯನ್ನು ಮಾತ್ರ ಉಳಬೇಡಿ, ಮೇಲ್ಮೇಲೆ ಕೆತ್ತಿ. ಉತ್ತ ರೇಖೆ ಮಳೆಗಾಲದಲ್ಲಿ ಕೊರಕಲಾಗುತ್ತದೆ. ನಮ್ಮಲ್ಲಿ ಬೆಂಕಿಗೆ ಹೆದರಿ ಮಾಡಿದ ರೇಖೆಯೇ ಮರುವರ್ಷ ಮೊಣಕಾಲುದ್ದದ ಹಳ್ಳವಾಗಿತ್ತು. ಮೇ ಕೊನೆಗೆ ಅಂಥ ರೇಖೆಗೆ ಮೂವತ್ತು ನಲವತ್ತು ಅಡಿಗೊಂದು ಸಣ್ಣ ಅಡ್ಡ ಒಡ್ಡು ಹಾಕಿ.

2. ಬೇಲಿ. ಒಣಗಿದ ಜಾಲಿ ಮುಳ್ಳಿನ ಬೇಲಿ ಬತ್ತಿಯ ಹಾಗೆ. ಒಂದು ಮೂಲೆಯಲ್ಲಿ ಹೊತ್ತಿದ್ದು ಇಡೀ ಹೊಲ ಸುತ್ತುತ್ತದೆ. ಕತ್ತಾಳೆ, ಕಳ್ಳಿಯ ಜೀವಂತ ಬೇಲಿ ಬೇಸಿಗೆಯಲ್ಲೂ ರಸ ಹಿಡಿದು ಬೆಂಕಿಗೆ ಅಡ್ಡ ನಿಲ್ಲುತ್ತದೆ. ಬುಡದ ಒಣ ಹುಲ್ಲು ಮಾತ್ರ ತೆಗೆಯಬೇಕು.

3. ಗಿಡದ ಹೊದಿಕೆ. ಮಾವು, ನಿಂಬೆ, ಸೀತಾಫಲದ ಬುಡದ ಹೊದಿಕೆ ತೆಗೆಯಬೇಡಿ, ಬೇಸಿಗೆಯಲ್ಲೇ ಅದರ ಉಪಯೋಗ. ಕಾಂಡದಿಂದ ಒಂದಡಿ ಬಿಟ್ಟು ಹಾಕಿ, ಮೇಲೆ ತೆಳ್ಳಗೆ ಮಣ್ಣು ಎಳೆಯಿರಿ, ನಾಲ್ಕೈದು ಗಿಡಕ್ಕೊಮ್ಮೆ ಆರಡಿ ಬರಿ ನೆಲ ಬಿಡಿ. ಹೊದಿಕೆ ಬೇಲಿಯವರೆಗೆ ಹರಡಿರಬಾರದು.

4. ಬಣವೆ, ತೊಗರಿ ಕಟ್ಟಿಗೆ. ಮನೆ, ಕೊಟ್ಟಿಗೆ, ಮೀಟರ್ ಡಬ್ಬಿಯಿಂದ ಐವತ್ತಡಿ ದೂರ. ಒಂದೇ ದೊಡ್ಡ ಬಣವೆಗಿಂತ ದೂರ ದೂರ ಎರಡು ಒಟ್ಟಿ. ತಂತಿಯ ಕೆಳಗೆ ಖಂಡಿತ ಬೇಡ. ಸ್ಟಾರ್ಟರ್ ಡಬ್ಬಿ, ಟ್ರಾನ್ಸ್‌ಫಾರ್ಮರ್ ಸುತ್ತ ಹತ್ತಡಿ ಬರಿ ನೆಲ. ತಂತಿ ಜೋತುಬಿದ್ದಿದ್ದರೆ 1912ಕ್ಕೆ ದೂರು ಕೊಡಿ, ಬರಹದಲ್ಲೂ ಕೊಡಿ. ಕೋಲಿನಿಂದ ತಂತಿ ಎತ್ತುವ ಸಾಹಸ ಬೇಡ.

5. ಬೆಂಕಿಗೆಂದೇ ನೀರು. ಬೆಂಕಿ ಬಿದ್ದಾಗ ಕರೆಂಟು ಹೋಗಿರುತ್ತದೆ, ಇಲ್ಲವೇ ತೆಗೆಸಬೇಕಾಗುತ್ತದೆ. ಮೋಟಾರು ನಂಬಬೇಡಿ. ಹೊಲದ ಎತ್ತರದ ಜಾಗದಲ್ಲಿ ಒಂದು ಟ್ಯಾಂಕ್ ಇಟ್ಟು, ಡ್ರಿಪ್ಪಿಗೆ ಹೋಗುವ ಪೈಪನ್ನು ತಳದಿಂದ ಎರಡಡಿ ಮೇಲೆ ಜೋಡಿಸಿ; ಬೆಂಕಿಗೆ ಬೇಕಾದ ಎರಡಿಂಚಿನ ವಾಲ್ವನ್ನು ತಳದಲ್ಲಿ ಹಾಕಿಸಿ. ಆಗ ಎಷ್ಟೇ ನೀರು ಬಿಟ್ಟರೂ ಕೆಳಗಿನ ಎರಡಡಿ ಸದಾ ಉಳಿದಿರುತ್ತದೆ. ಇದಕ್ಕೆ ಯಾರ ನೆನಪೂ ಬೇಕಿಲ್ಲ, ಅದೇ ಇದರ ಲಾಭ.

6. ಸಾಮಾನು ಒಂದೇ ಕಡೆ: ನಾಲ್ಕು ಸಲಿಕೆ, ಎರಡು ಕುಡುಗೋಲು, ಗೋಣಿಚೀಲ, ಚೆನ್ನಾಗಿ ತೊಳೆದ ಬೆನ್ನಿನ ಸ್ಪ್ರೇಯರು. ಗೋಡೆಯ ಮೇಲೆ ದೊಡ್ಡದಾಗಿ 101, 112 ಎಂದೂ, ಹೊಲಕ್ಕೆ ಬರುವ ದಾರಿಯ ಗುರುತನ್ನೂ ಬರೆಸಿ. ಕಾಡಿನ ಪಕ್ಕದವರು ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯಲ್ಲಿ ಮೊಬೈಲ್ ನಂಬರ್ ನೋಂದಾಯಿಸಿದರೆ, ಉಪಗ್ರಹ ಕಂಡ ಬೆಂಕಿಯ ಸಂದೇಶ ಬರುತ್ತದೆ. ನಗರದಲ್ಲಿ ಕೂತವರಿಗೆ ಇದು ಉಪಯುಕ್ತ.

ಬೆಂಕಿ ಬಿದ್ದಾಗ

ಮೊದಲು ಮನುಷ್ಯರು, ಆಮೇಲೆ ದನ, ಕೊನೆಗೆ ಬೆಳೆ. ದನಗಳ ಹಗ್ಗ ಬಿಚ್ಚಿ ಓಡಿಸಿ. ಜ್ವಾಲೆ ನಿಮ್ಮ ಸೊಂಟಕ್ಕಿಂತ ಎತ್ತರವಿದ್ದರೆ ನಂದಿಸಲು ಹೋಗಬೇಡಿ, 101ಕ್ಕೆ ಕರೆ ಮಾಡಿ ಹೊರಗೆ ಬನ್ನಿ. ಚಿಕ್ಕದಿದ್ದರೆ ಸುಟ್ಟು ಕರಿಯಾದ ಕಡೆಯಿಂದ, ಹಿಂದಿನಿಂದ ಶುರುಮಾಡಿ ಎರಡೂ ಬದಿ ಬಡಿಯುತ್ತಾ ಬನ್ನಿ. ಅದರ ಮುಂದೆ ಎಂದೂ ನಿಲ್ಲಬೇಡಿ. ಬೇವು, ಹೊಂಗೆಯ ಹಸಿ ಕೊಂಬೆಯಿಂದ ಎತ್ತಿ ಹೊಡೆದರೆ ಕಿಡಿ ಹಾರುತ್ತದೆ, ಅದುಮಿ ಒರೆಸಬೇಕು. ದಪ್ಪ ಹತ್ತಿ ಬಟ್ಟೆ, ಕಾಲಿಗೆ ಚರ್ಮದ ಬೂಟು ಇರಲಿ. ನೈಲಾನ್, ಪಾಲಿಯೆಸ್ಟರ್ ಮೈಗೆ ಅಂಟುತ್ತದೆ. ದಿನ್ನೆಯ ಮೇಲಕ್ಕೆ ಓಡಬೇಡಿ. ತಂತಿಯ ಬಳಿ ನೀರು ಎರಚಬೇಡಿ. ಆರಿದ ಮೇಲೂ ಒಬ್ಬರು ರಾತ್ರಿಯಿಡೀ ಕಾವಲಿರಬೇಕು. ತಿಪ್ಪೆ, ಒಣ ಬೊಡ್ಡೆ ಒಳಗೊಳಗೇ ಬೇಯುತ್ತಿರುತ್ತವೆ.

ಸುಟ್ಟ ಗಿಡವನ್ನು ಕೂಡಲೇ ಕಡಿಯಬೇಡಿ. ಉಗುರಿನಿಂದ ತೊಗಟೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ. ಕಾಂಡಕ್ಕೆ ಸುಣ್ಣ ಬಳಿದು ಬಿಸಿಲಿನಿಂದ ಕಾಪಾಡಿ, ನೀರು ಸ್ವಲ್ಪ ಸ್ವಲ್ಪವೇ ಕೊಡಿ, ಮಳೆ ಬಂದು ಚಿಗುರುವ ತನಕ ಕಾಯಿರಿ. ನಮ್ಮ ತಾಮ್ರದ ಬಣ್ಣದ ಸಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಷಾಢಕ್ಕೆ ಬುಡದಿಂದ ಚಿಗುರಿದವು. ಕಸಿಯ ಗಂಟಿನ ಕೆಳಗಿನ ಚಿಗುರು ಮಾತ್ರ ಬೇಡ, ಅದು ಕಾಡು ಮಾವು. ಸುಟ್ಟ ನೆಲದಲ್ಲಿ ಸಿಕ್ಕ ಕೊಂಬೆಗಳನ್ನು ಇಳಿಜಾರಿಗೆ ಅಡ್ಡವಾಗಿ ಹಾಸಿ, ಮೊದಲ ಮಳೆಯ ಬೂದಿನೀರು ಹೊಂಡಕ್ಕೆ ಹೋಗದಂತೆ ಕಾಲುವೆ ಮುಚ್ಚಿ.

ಸಾಮಾನ್ಯ ತಪ್ಪುಗಳು

"ಸುಟ್ಟರೆ ಬೂದಿ ಗೊಬ್ಬರ." ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು 5.5 ಕಿಲೋ ಸಾರಜನಕ ಇರುತ್ತದೆ, ಸುಟ್ಟರೆ ಬಹುಪಾಲು ಹೊಗೆಯಾಗುತ್ತದೆ. ಉಳಿದ ಪೊಟ್ಯಾಷ್ ಬೂದಿಯ ಜೊತೆ ಮೊದಲ ಮಳೆಗೆ ಕೊಚ್ಚಿಹೋಗುತ್ತದೆ. ಪುಡಿ ಮಾಡುವ ಯಂತ್ರ ಬಾಡಿಗೆಗೆ ತಂದು ಕೂಳೆಯನ್ನು ಮಣ್ಣಿಗೇ ಸೇರಿಸಿ. ಹತ್ತಿ ಕಟ್ಟಿಗೆ ಮಾತ್ರ ಬೇರೆ ಲೆಕ್ಕ: ಅದರಲ್ಲಿ ಗುಲಾಬಿ ಕಾಯಿಕೊರಕ ಅಡಗಿರುತ್ತದೆ, ಬೇಸಿಗೆ ತನಕ ಹೊಲದಲ್ಲಿ ನಿಲ್ಲಿಸಬೇಡಿ, ಬೇಗ ಕಿತ್ತು, ಪುಡಿ ಮಾಡಿಸಿ.

ಬೆಂಕಿ ರೇಖೆಯನ್ನು ಬೆಂಕಿ ಹಚ್ಚಿಯೇ ಮಾಡುವುದು. ಅನುಭವಿಗಳಿಲ್ಲದೆ, ಮಧ್ಯಾಹ್ನದ ಗಾಳಿಯಲ್ಲಿ ಹೀಗೆ ಹಚ್ಚಿದ್ದೇ ಎಷ್ಟೋ ಅನಾಹುತಗಳ ಮೂಲ. ಮೀಸಲು ಅರಣ್ಯಕ್ಕೆ ಬೆಂಕಿ ತಗಲಿದರೆ ಅದು ಅಪರಾಧವೂ ಹೌದು.

ಕೆಲಸದವರಿಗೆ ಹೇಳದೆ ಇರುವುದು. ನಿಜವಾಗಿ ಹೊಲದಲ್ಲಿರುವವರು ಲಾವಣಿ ಹಿಡಿದವರು, ಕಾವಲಿನವರು. ಕೂಳೆ ಸುಡಬಾರದು ಎಂದರಷ್ಟೇ ಆಗದು. ಸುಡದೆ ತೆಗೆಯುವ ಖರ್ಚು ಯಾರದು ಎಂಬುದನ್ನೂ ಮಾತಿನ ದಿನವೇ ತೀರ್ಮಾನಿಸಿ. ಆ ಖರ್ಚು ಭೂಮಿಯ ಒಡೆಯರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ನಗರದ ಸಂಬಳ ನಮ್ಮದು, ಬೆಂಕಿ ಮುಂದೆ ನಿಲ್ಲುವವರು ಅವರು.

ಪಕ್ಕದ ಹೊಲದವರ ಜೊತೆ ಮಾತೇ ಇಲ್ಲದಿರುವುದು ಇವೆಲ್ಲಕ್ಕಿಂತ ದೊಡ್ಡ ತಪ್ಪು. ನಮ್ಮ ಪಕ್ಕದವರಿಗೆ ನಮ್ಮ ಸಸಿ ಸುಡುವ ಉದ್ದೇಶವಿರಲಿಲ್ಲ. ಯಾರಿಗೆ ಹೇಳಬೇಕೆಂದು ಗೊತ್ತಿರಲಿಲ್ಲ, ಅಷ್ಟೇ. ಈಗ ಅವರು ಹಿಂದಿನ ದಿನವೇ ಫೋನ್ ಮಾಡುತ್ತಾರೆ. ಹೆಚ್ಚಿನ ಸಲ ಮಾತಾಡಿಕೊಂಡು ಸುಡುವುದನ್ನೇ ಕೈಬಿಟ್ಟಿದ್ದೇವೆ. ಮುಂದಿನ ಸಲ ಹೊಲಕ್ಕೆ ಹೋದಾಗ ಬೇರೆ ಏನೂ ಮಾಡಲು ಆಗದಿದ್ದರೂ, ನಾಲ್ಕೂ ಬದಿಯ ಹೊಲದವರ ಮನೆಗೆ ಹೋಗಿ ಚಹಾ ಕುಡಿದು, ಅವರ ನಂಬರ್ ಬರೆದುಕೊಂಡು, ನಿಮ್ಮ ನಂಬರ್ ಕೊಟ್ಟು ಬನ್ನಿ.